ಉಗ್ರದೇವತೆಯೂ ಹಿಟ್ಟಿನ ಕೋಳಿಯೂ

ನಮ್ಮ ಅಜ್ಜಂಪುರ ಸೀಮೆಯವರಿಗೆ ಉಗ್ರದೇವತೆಯೆಂದೊಡನೆ ನೆನಪಾಗುವವಳು ಅಂತರಘಟ್ಟೆಯ ಅಮ್ಮ. ಆಕೆ ದುರ್ಗಾಂಬೆ, ಹಿರಿಯರ ಬಾಯಲ್ಲಿ ಮಾತ್ರ ‘ಅಂತರಘಟ್ಟಮ್ಮ’. ಜಾತ್ರೆಯ ಕಾಲಕ್ಕೆ ಸಿಂಗರಿಸಿದ ಎತ್ತುಗಳನ್ನು ಹೂಡಿದ ಪಾನಕದ ಗಾಡಿಗಳು ಧೂಳೆಬ್ಬಿಸುತ್ತ ಓಡಿಬರುವುದನ್ನು ನೀವೆಲ್ಲ ಬಲ್ಲಿರಿ. ಅಸುರರನ್ನು ಸಂಹರಿಸಿದ ದೇವಿಗೆ ಬೆಲ್ಲದ ಪಾನಕದ ಸೇವೆಯೇಕೆ? ಉಗ್ರಳನ್ನು ತಣಿಸಬೇಕೆಂಬ ಭಾವನೆಯೇ ಇದರ ಹಿಂದಿದೆಯೆಂದು ನನಗೆ ತೋರುತ್ತದೆ. ತಣಿಸುವುದು ಯಾವುದರಿಂದ, ರಕ್ತದಿಂದಲೋ ಪಾನಕದಿಂದಲೋ ಎಂಬ ಚರ್ಚೆ ಮಾತ್ರ ನಮ್ಮ ನಾಡಿನಲ್ಲಿ ಸಾವಿರ ವರ್ಷಗಳಿಗೂ ಹಳೆಯದು.

ತಂತ್ರವೆಂದರೆ ಮಾಟಮಂತ್ರವೆಂದು ತಿಳಿದವರೇ ಹೆಚ್ಚು. ವಸ್ತುತಃ ಅದು ದೇಹವನ್ನೂ ಜಗತ್ತನ್ನೂ ಶಕ್ತಿಯ ರೂಪವೆಂದು ಭಾವಿಸಿ, ಮಂತ್ರ, ಯಂತ್ರ, ನ್ಯಾಸ, ಧ್ಯಾನಗಳ ಮೂಲಕ ಆಕೆಯನ್ನು ಆರಾಧಿಸುವ ಒಂದು ಶಾಸ್ತ್ರ. ನಮ್ಮ ಜಿಲ್ಲೆಯ ಶೃಂಗೇರಿಯ ಶ್ರೀಚಕ್ರೋಪಾಸನೆ ಇದರ ಸೌಮ್ಯ ಮುಖ. ಕಾಳಿ, ಚಾಮುಂಡಿ, ಚಂಡಮಾರಿಯರ ಆರಾಧನೆ ಇದರ ಉಗ್ರ ಮುಖ. ವಾಮಾಚಾರದವರು ಮದ್ಯ, ಮಾಂಸ, ಮತ್ಸ್ಯ, ಮುದ್ರೆ, ಮೈಥುನಗಳೆಂಬ ಪಂಚಮಕಾರಗಳನ್ನು ನೇರವಾಗಿಯೇ ಬಳಸಿದರು. ದಕ್ಷಿಣಾಚಾರದವರು ಅವುಗಳಿಗೆ ಪ್ರತಿನಿಧಿಗಳನ್ನು ಕಲ್ಪಿಸಿಕೊಂಡರು. ಮದ್ಯದ ಸ್ಥಾನದಲ್ಲಿ ಕಂಚಿನ ಪಾತ್ರೆಯ ಎಳನೀರು ಬಂದದ್ದು ಹೀಗೆ.

ಉಗ್ರಮುಖವನ್ನು ಶಿಲೆಯಲ್ಲಿ ಕಾಣಬೇಕೆಂದರೆ ಹಾಸನದ ಬಳಿಯ ದೊಡ್ಡಗದ್ದವಳ್ಳಿಗೆ ಹೋಗಬೇಕು. ವಿಷ್ಣುವರ್ಧನನ ಆಳ್ವಿಕೆಯಲ್ಲಿ, 1114ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಆತನ ಮಡದಿ ಸಹಜಾದೇವಿಯೂ ಕಟ್ಟಿಸಿದ ಲಕ್ಷ್ಮೀದೇವಿ ದೇವಾಲಯವಿದು. ಇಲ್ಲಿರುವುದು ನಾಲ್ಕು ಗರ್ಭಗುಡಿಗಳು. ಒಂದರಲ್ಲಿ ಸಂಪತ್ತಿನ ಅಧಿದೇವತೆಯಾದ ಲಕ್ಷ್ಮಿ, ಇನ್ನೊಂದರಲ್ಲಿ ಕಾಳಿ. ಕಾಳಿಯ ಸನ್ನಿಧಿಯ ಇಕ್ಕೆಲಗಳಲ್ಲಿ ಎಲುಬುಗೂಡಿನಂಥ ಬೇತಾಳಗಳು ಆಳೆತ್ತರಕ್ಕೆ ನಿಂತಿವೆ. ಮಂಗಳವೂ ಭಯಂಕರವೂ ಒಂದೇ ಸೂರಿನಡಿ ಇರಬಲ್ಲವೆಂದು ಆ ವರ್ತಕ ದಂಪತಿಗಳು ನಂಬಿದ್ದರು. 2020ರ ನವೆಂಬರಿನಲ್ಲಿ ಆ ಕಾಳಿಯ ವಿಗ್ರಹ ಒಡೆದುಬಿದ್ದಿರುವುದು ಕಂಡುಬಂದಾಗ ನಾಡಿನ ಇತಿಹಾಸಾಸಕ್ತರೆಲ್ಲ ಮರುಗಿದರು.

ಇನ್ನು ಬಲಿಯ ವಿಚಾರ. ಕಾಮರೂಪ, ಎಂದರೆ ಇಂದಿನ ಅಸ್ಸಾಂ ಕಡೆಯ ‘ಕಾಲಿಕಾಪುರಾಣ’ದಲ್ಲಿ ಯಾವ ಪ್ರಾಣಿಯ ರಕ್ತದಿಂದ ದೇವಿ ಎಷ್ಟು ಕಾಲ ತೃಪ್ತಳಾಗುತ್ತಾಳೆಂದು ಹೇಳುವ ಒಂದು ಅಧ್ಯಾಯವೇ ಇದೆ. ಗಮನಿಸಬೇಕಾದದ್ದೆಂದರೆ, ಅದೇ ಪುರಾಣ ಕುಂಬಳಕಾಯಿಯನ್ನೂ ಕಬ್ಬಿನ ಜಲ್ಲೆಯನ್ನೂ ಬಲಿಯಾಗಿ ಒಪ್ಪುತ್ತದೆ. ಹಿಟ್ಟಿನಲ್ಲಿ ಪ್ರಾಣಿಯ ಆಕೃತಿ ಮಾಡಿ ಕಡಿಯುವುದಕ್ಕೂ ಅವಕಾಶ ಕೊಡುತ್ತದೆ. ಆಯುಧಪೂಜೆಯ ದಿನ ನಾವು ಬೂದುಗುಂಬಳಕ್ಕೆ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದೂ ಇಂಥದೇ ಬಲಿ. ಕುಂಕುಮದ ಕೆಂಪು ಯಾವುದರ ಬಣ್ಣವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೆ ಸಮಸ್ಯೆ ಪರಿಹಾರವಾಯಿತಲ್ಲವೆ ಎಂದರೆ, ‘ಇಲ್ಲ’ ಎಂದ ಕವಿಯೊಬ್ಬನಿದ್ದಾನೆ. ಆತನ ಅಕ್ಷರಗಳು ನಮ್ಮ ನೆರೆಯಲ್ಲೇ ಇವೆ. ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರದಲ್ಲಿ, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಶಿವಾಲಯದ ದೊಡ್ಡ ಶಾಸನವನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಜೈನನಾದ ಈತ ಶಿವಾಲಯಕ್ಕೆ ಶಾಸನ ಬರೆದುಕೊಟ್ಟದ್ದು ಆ ಕಾಲದ ಔದಾರ್ಯವನ್ನು ತೋರಿಸುತ್ತದೆ. ಇದೇ ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದ.

ಆ ಕಾವ್ಯ ತೆರೆದುಕೊಳ್ಳುವುದೇ ಚಂಡಮಾರಿಯ ಗುಡಿಯಲ್ಲಿ. ಮಾರಿದತ್ತ ರಾಜ ಅಭಯರುಚಿ, ಅಭಯಮತಿಯರೆಂಬ ಎಳೆಯ ಅಣ್ಣತಂಗಿಯರನ್ನು ಬಲಿಕೊಡಲು ಸಿದ್ಧನಾಗಿದ್ದಾನೆ. ಜನ್ನನಿಗಿಂತ ಎರಡೂವರೆ ಶತಮಾನ ಮೊದಲು, 959ರಲ್ಲಿ, ಸೋಮದೇವಸೂರಿ ಸಂಸ್ಕೃತದ ‘ಯಶಸ್ತಿಲಕ ಚಂಪು’ವಿನಲ್ಲಿ ಇದೇ ಕಥೆ ಹೇಳಿದ್ದ. ಆತ ಬರೆದದ್ದು ಪಂಪನಿಗೆ ಆಶ್ರಯವಿತ್ತ ಅರಿಕೇಸರಿಯ ಮಗನ ಕಾಲದಲ್ಲಿ. ಅಲ್ಲಿ ರಾಜನನ್ನು ಈ ಬಲಿಗೆ ಪ್ರೇರಿಸುವವನು ಒಬ್ಬ ಕೌಲಾಚಾರ್ಯ, ಎಂದರೆ ತಾಂತ್ರಿಕ ಗುರು. ಇದು ಪ್ರತಿಪಕ್ಷದವರು ಬರೆದ ಚಿತ್ರವೆಂಬುದನ್ನು ನಾವು ಮರೆಯಬಾರದು. ಆದರೂ ಅಂಥ ಆರಾಧನೆ ಅಂದಿನ ಓದುಗರಿಗೆ ಪರಿಚಿತವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ.

ಅಭಯರುಚಿ ತನ್ನ ಹಿಂದಿನ ಜನ್ಮಗಳ ಕಥೆ ಹೇಳುತ್ತಾನೆ. ಆತ ಯಶೋಧರನಾಗಿದ್ದಾಗ, ಕೆಟ್ಟ ಕನಸಿನ ಶಾಂತಿಗಾಗಿ ಕೋಳಿಯನ್ನು ಬಲಿಕೊಡೆಂದು ತಾಯಿ ಚಂದ್ರಮತಿ ಒತ್ತಾಯಿಸಿದಳು. ಜೀವ ತೆಗೆಯಲೊಲ್ಲದೆ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನ ಕೋಳಿಯನ್ನು ಕಡಿದ. ಅಷ್ಟಕ್ಕೇ ತಾಯಿಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ಹುಟ್ಟಿ ಕೊಲೆಯಾದರು.

ತರಗತಿಯಲ್ಲಿ ಈ ಕಥೆ ಹೇಳಿದಾಗಲೆಲ್ಲ ನಿಮ್ಮಲ್ಲಿ ಒಬ್ಬರಾದರೂ ಎದ್ದು ನಿಂತು, “ಸಾರ್, ಹಿಟ್ಟಿಗೆ ಜೀವವಿಲ್ಲವಲ್ಲ, ಪಾಪ ಹೇಗೆ?” ಎಂದು ಕೇಳುತ್ತಿದ್ದಿರಿ. ಜನ್ನನ ಉತ್ತರ ಒಂದೇ ಮಾತಿನದು: ಸಂಕಲ್ಪಹಿಂಸೆ. ಕತ್ತಿಯೆತ್ತಿದ ಕೈಗೆ ಸಿಕ್ಕಿದ್ದು ಹಿಟ್ಟು. ಮನಸ್ಸು ಕಡಿದದ್ದು ಕೋಳಿಯನ್ನೇ.

ಚರ್ಚೆ ಕಾವ್ಯದಲ್ಲೇ ಉಳಿಯಲಿಲ್ಲ. 1934ರಲ್ಲಿ ಅಸ್ಪೃಶ್ಯತಾ ನಿವಾರಣೆಯ ಪ್ರವಾಸದಲ್ಲಿ ಶಿರಸಿಗೆ ಬಂದ ಗಾಂಧೀಜಿ, ಕೋಣನ ಬಲಿ ನಡೆಯುವವರೆಗೆ ಮಾರಿಕಾಂಬೆಯ ಗುಡಿಗೆ ಬರಲಾರೆನೆಂದರು. ಆಮೇಲೆ ಅಲ್ಲಿ ಜನರನ್ನು ಒಪ್ಪಿಸಲು ಮುಂದಾದವರು ವಿಠ್ಠಲರಾವ್ ಹೊಡಿಕೆ ಎಂಬ ಅಧ್ಯಾಪಕರು. ಕೋಣನ ಬಲಿ ನಿಂತಿತು. ಎಲ್ಲ ಜಾತಿಯವರಿಗೂ ಗುಡಿಯ ಬಾಗಿಲು ತೆರೆಯಿತು. ಈ ಎರಡನ್ನೂ ಬೇರ್ಪಡಿಸಬಾರದೆಂಬುದು ನನ್ನ ಅಭಿಪ್ರಾಯ. ಕೋಣನನ್ನು ಬಿಟ್ಟು ಮನುಷ್ಯನನ್ನು ಹೊರಗೇ ನಿಲ್ಲಿಸಿದ್ದರೆ ಅದೆಂಥ ಅಹಿಂಸೆಯಾಗುತ್ತಿತ್ತು? ಮುಂದೆ 1959ರಲ್ಲಿ ಪ್ರಾಣಿಬಲಿಯನ್ನು ತಡೆಯುವ ಕಾಯಿದೆ ಬಂತು. 1975ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಕಾಯಿದೆ ಕತ್ತಿಯನ್ನು ತಡೆಯಬಲ್ಲದು, ಸಂಕಲ್ಪವನ್ನು ತಡೆಯಲಾರದು.

ತಾಂತ್ರಿಕರಲ್ಲೂ ಒಳದೃಷ್ಟಿಯುಳ್ಳವರು ಇದನ್ನೇ ಇನ್ನೊಂದು ದಾರಿಯಿಂದ ಹೇಳಿದರು: ಕಡಿಯಬೇಕಾದ ಪಶು ಒಳಗಿದೆ, ಕಾಮಕ್ರೋಧಗಳೇ ಆ ಪಶು, ಜ್ಞಾನವೇ ಖಡ್ಗ. ತಾಂತ್ರಿಕನೂ ಜೈನ ಕವಿಯೂ ಕೊನೆಗೆ ಬಂದು ನಿಲ್ಲುವುದು ಮನಸ್ಸಿನ ಬಾಗಿಲಲ್ಲೇ. ಸಂಕಲ್ಪ ಕೆಟ್ಟದ್ದಾದರೆ ಹಿಟ್ಟಿನ ಕೋಳಿಯೂ ಕೊಲೆಯೆನ್ನುವುದಾದರೆ, ಸಂಕಲ್ಪ ಶುದ್ಧವಾಗಿದ್ದಾಗ ಒಂದು ಲೋಟ ಪಾನಕವೂ ಪೂರ್ಣಬಲಿಯಾಗಬೇಕಷ್ಟೆ.

ಮುಂದಿನ ಆಯುಧಪೂಜೆಗೆ ಕುಂಬಳಕಾಯಿ ಒಡೆಯುವಾಗ, ಯಾರ ಕೇಡನ್ನು ಬಯಸಿ ಒಡೆಯುತ್ತಿದ್ದೇವೆಂದು ಒಂದು ಕ್ಷಣ ಯೋಚಿಸಿ. ಬಿಡುವಾದಾಗ ಮಕ್ಕಳನ್ನು ಅಮೃತಾಪುರಕ್ಕೆ ಕರೆದೊಯ್ದು ಜನ್ನನ ಶಾಸನವನ್ನು ತೋರಿಸಿ.