ಚರ್ಮದ ಕ್ಯಾನ್ಸರ್‌ನಲ್ಲಿ ಮೈಕ್ರೋಆರ್‌ಎನ್‌ಎ

ಮೈಕ್ರೋಆರ್‌ಎನ್‌ಎ ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟೇ ಉದ್ದದ ಆರ್‌ಎನ್‌ಎ ತುಣುಕು. ಅದರಿಂದ ಪ್ರೋಟೀನ್ ತಯಾರಾಗುವುದಿಲ್ಲ. ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಅದು ಬೇರೆ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ 1993ರಲ್ಲಿ ಸಣ್ಣ ದುಂಡುಹುಳುವೊಂದರಲ್ಲಿ ಇದನ್ನು ವಿವರಿಸಿದಾಗ ಹೆಚ್ಚು ಗಮನ ಸಿಗಲಿಲ್ಲ. ಅದೇ ಸಂಶೋಧನೆಗೆ 2024ರಲ್ಲಿ ನೊಬೆಲ್ ಬಂದಿತು. ಕ್ಯಾನ್ಸರ್‌ನ ನಂಟು ಹೊರಬಿದ್ದದ್ದು 2002ರಲ್ಲಿ, ಕಾರ್ಲೋ ಕ್ರೋಚೆಯವರ ತಂಡ ಒಂದು ಬಗೆಯ ರಕ್ತದ ಕ್ಯಾನ್ಸರ್ ಕುರಿತು ನಡೆಸಿದ ಅಧ್ಯಯನದಿಂದ.

ಚರ್ಮದ ವಿಷಯದಲ್ಲಿ 2008 ಮುಖ್ಯ ವರ್ಷ. ತಳಪದರದ ಕೋಶಗಳು ಮೇಲೇರುವಾಗ ಮಿರ್-203 ಎಂಬ ಮೈಕ್ರೋಆರ್‌ಎನ್‌ಎ ಹೆಚ್ಚಾಗಿ, ಪಿ63 ಪ್ರೋಟೀನನ್ನು ಅಡಗಿಸಿ, ಅವುಗಳ ವಿಭಜನೆಯನ್ನು ನಿಲ್ಲಿಸುತ್ತದೆಂದು ಆ ವರ್ಷ ಗೊತ್ತಾಯಿತು. ಮಿರ್-21ರ ನಡೆ ಇದಕ್ಕೆ ವಿರುದ್ಧ: ಬೆಳವಣಿಗೆಯನ್ನು ತಡೆಯುವ ಪಿಟೆನ್, ಪಿಡಿಸಿಡಿ4 ಪ್ರೋಟೀನುಗಳನ್ನೇ ಅದು ತಗ್ಗಿಸುತ್ತದೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ನಲ್ಲಿ ಮಿರ್-221 ಮತ್ತು 222 ಏರಿ, ವಿಭಜನೆಗೆ ಕಡಿವಾಣ ಹಾಕುವ ಪಿ27 ಕುಗ್ಗುತ್ತದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ತೀರ ಹತ್ತಿರದ ಪ್ರಕರಣ ಕುಡಿಯುವ ನೀರಿನಲ್ಲಿ ಬೆರೆತ ಆರ್ಸೆನಿಕ್‌ನದು. ಹಿಂದೆ ಕಲಬುರಗಿ ಜಿಲ್ಲೆಗೆ ಸೇರಿದ್ದು ಈಗ ಯಾದಗಿರಿಗೆ ಸೇರಿರುವ ಸುರಪುರ ಸೀಮೆಯಲ್ಲಿ ಕಿರದಳ್ಳಿ ತಾಂಡಾ ಇದೆ. ಅದರ ಆಸುಪಾಸಿನದು ಹಳೆಯ ಚಿನ್ನದ ಗಣಿಯಿದ್ದ ಮಂಗಳೂರು ಶಿಲಾಪಟ್ಟಿ (ಕರಾವಳಿಯ ಮಂಗಳೂರಲ್ಲ). 2013ರಲ್ಲಿ ಪ್ರಕಟವಾದ ವರದಿಯಂತೆ ಅಲ್ಲಿ ಪರೀಕ್ಷಿಸಿದ 59 ಕೊಳವೆಬಾವಿ ಮಾದರಿಗಳಲ್ಲಿ ಶೇ. 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಗರಿಷ್ಠ ಪ್ರಮಾಣ 303. ತಪಾಸಣೆಗೊಳಗಾದ 181 ಜನರಲ್ಲಿ ಶೇ. 58.6 ಮಂದಿಯ ಚರ್ಮದಲ್ಲಿ ಆರ್ಸೆನಿಕ್‌ನ ಗುರುತುಗಳಿದ್ದವು. ಅಂಗೈ, ಅಂಗಾಲು ಗಡಸಾಗುವ ಇಂಥ ಗಾಯಗಳು ವರ್ಷಗಳ ನಂತರ ಕ್ಯಾನ್ಸರ್‌ಗೆ ತಿರುಗಬಲ್ಲವು.

ಆರ್ಸೆನಿಕ್‌ಗೂ ಕೋಶದ ಬೆಳವಣಿಗೆಗೂ ನಡುವಿನ ಕೊಂಡಿಯಾಗಿ ಮೈಕ್ರೋಆರ್‌ಎನ್‌ಎಯನ್ನು ತೋರಿಸಿದ ಭಾರತೀಯ ಪುರಾವೆ ಪಶ್ಚಿಮ ಬಂಗಾಳದ್ದು. ಅಲ್ಲಿ ಆರ್ಸೆನಿಕ್ ನೀರು ಕುಡಿದವರಲ್ಲಿ ಮಿರ್-21 ಏರಿದ್ದು, ಚರ್ಮದ ಗಾಯ ಮತ್ತು ಕ್ಯಾನ್ಸರ್‌ಗಳೊಂದಿಗೆ ಅದಕ್ಕೆ ಸಂಬಂಧವಿರುವುದು 2017ರಲ್ಲಿ ವರದಿಯಾಯಿತು. ಕೊಂಡಿ ಬಲವಾದದ್ದೇ, ಆದರೆ ಅದೊಂದೇ ಕಾರಣವೆನ್ನಲಾಗದು. ಆರ್ಸೆನಿಕ್ ಡಿಎನ್‌ಎ ದುರಸ್ತಿಯನ್ನೂ ಕೆಡಿಸುತ್ತದೆ.

ಚಿಕಿತ್ಸೆಯ ಕಡೆ ಸಾಧನೆ ಅಲ್ಪ. ಮಿರ್-34ನ್ನು ಅನುಕರಿಸಿದ ಔಷಧಿಯೊಂದನ್ನು ಮೆಲನೋಮ ಸೇರಿದಂತೆ ಹಲವು ಗಡ್ಡೆಗಳ ಮೇಲೆ ಪ್ರಯೋಗಿಸಿ, ತೀವ್ರ ರೋಗನಿರೋಧಕ ಪ್ರತಿಕ್ರಿಯೆಗಳ ಕಾರಣ 2016ರಲ್ಲಿ ನಿಲ್ಲಿಸಲಾಯಿತು. ಚರ್ಮದ ಕ್ಯಾನ್ಸರನ್ನು ಖಚಿತಪಡಿಸಲು ವೈದ್ಯರು ಇಂದಿಗೂ ಬಯಾಪ್ಸಿಯನ್ನೇ ನೆಚ್ಚಿದ್ದಾರೆ.