ಬ್ಯಾಡಗಿಯ ಪೇಟೆಯಲ್ಲಿ ಬೆಲೆಯ ಕಥೆ

ಸೋಮವಾರ ಮತ್ತು ಗುರುವಾರ ಬ್ಯಾಡಗಿಗೆ ಬಂದಿಳಿದವನನ್ನು ಮೊದಲು ಎದುರುಗೊಳ್ಳುವುದು ಘಾಟು. ಹಾವೇರಿ ಜಿಲ್ಲೆಯ ಈ ಪುಟ್ಟ ಊರಿನಲ್ಲಿ ಅವೆರಡು ಮೆಣಸಿನಕಾಯಿ ಪೇಟೆಯ ದಿನಗಳು. ಸುಗ್ಗಿಯಲ್ಲಿ ಚೀಲಗಳ ಸಾಲು ಕಣ್ಣು ಹಾಯುವಷ್ಟು ದೂರ ಕೆಂಪಗೆ ಹಬ್ಬಿರುತ್ತದೆ. ಪರಸ್ಥಳದವನು ಕೆಮ್ಮುತ್ತಾನೆ, ಊರವರು ನಗುತ್ತಾರೆ. ಚಹಾದಂಗಡಿಯವನು, ಬಟ್ಟೆ ವ್ಯಾಪಾರಿ, ಹಮಾಲ, ತೊಟ್ಟು ಬಿಡಿಸಲು ಕುಳಿತ ಹೆಣ್ಣುಮಕ್ಕಳು, ಎಲ್ಲರೂ ಕಾಯುವುದು ಒಂದೇ ಮಾತಿಗೆ: ಇಂದಿನ ಧಾರಣೆ ಏನು?

ಮೆಣಸಿನಕಾಯಿ ನಮ್ಮ ನೆಲದ ಮೂಲ ಬೆಳೆಯಲ್ಲ. ಅಮೆರಿಕ ಖಂಡದಲ್ಲಿ ಹುಟ್ಟಿ, 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ಆದರೆ ಈ ಸೀಮೆಯಲ್ಲಿ ಅದು ಪಡೆದ ಗುಣವೇ ಬೇರೆ. ಮೈ ಸುಕ್ಕು, ಬಣ್ಣ ಕಡುಗೆಂಪು, ಖಾರ ಹಿತ. ಡಬ್ಬಿ, ಕಡ್ಡಿ ಎಂಬ ಅದರ ಎರಡು ಬಗೆಗಳು ಮನೆಮನೆಗೂ ಪರಿಚಿತ. 2011ರಲ್ಲಿ ಬ್ಯಾಡಗಿಯ ಹೆಸರಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು.

ಹೆಸರು ಊರಿನದು, ಬೆಲೆ ಯಾರದು? ಈ ಪ್ರಶ್ನೆ ಹಳೆಯದು. ಹಿಂದೆ ನಮ್ಮ ದೇಶದ ಅನೇಕ ಪೇಟೆಗಳಲ್ಲಿ ಬೆಲೆ ಕುದುರುತ್ತಿದ್ದುದು ಬಟ್ಟೆಯ ಮರೆಯಲ್ಲಿ. ದಲಾಲನೂ ಖರೀದಿದಾರನೂ ವಲ್ಲಿಯ ಕೆಳಗೆ ಬೆರಳು ಒತ್ತಿ ಮಾತು ಮುಗಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಅವರ ಮುಖ ನೋಡುತ್ತ ನಿಂತಿರುತ್ತಿದ್ದ. ಆಮೇಲೆ ದಲಾಲಿ, ಹಮಾಲಿ, ತೂಕದ ಕೂಲಿ, ಧರ್ಮಾದಾಯ ಎಂದು ಒಂದೊಂದಾಗಿ ಕಡಿತ. ಕೃಷಿಯ ಸ್ಥಿತಿಗತಿಯನ್ನು ವಿಚಾರಿಸಿದ ರಾಯಲ್ ಕಮಿಷನ್ 1928ರ ವರದಿಯಲ್ಲಿ ನಿಯಂತ್ರಿತ ಮಾರುಕಟ್ಟೆಗಳು ಬೇಕೆಂದು ಸಲಹೆ ಮಾಡಿತು. 1939ರಲ್ಲಿ ಮುಂಬಯಿ ಪ್ರಾಂತವೂ ಮೈಸೂರು ಸಂಸ್ಥಾನವೂ ಇದಕ್ಕಾಗಿ ಕಾನೂನು ಮಾಡಿದವು. ಬ್ಯಾಡಗಿ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿತ್ತು. ಏಕೀಕರಣದ ತರುವಾಯ, 1966ರಲ್ಲಿ, ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಬಂದಿತು.

ಹೀಗೆ ವಲ್ಲಿ ಸರಿಯಿತು. ವ್ಯಾಪಾರಿಗಳು ರಾಶಿ ರಾಶಿಯ ಮುಂದೆ ನಿಂತು, ಕಾಯಿ ಮುರಿದು ನೋಡಿ, ತಮ್ಮ ಬೆಲೆಯನ್ನು ಚೀಟಿಯಲ್ಲಿ ಬರೆಯುವ ಟೆಂಡರ್ ಪದ್ಧತಿ ಇಲ್ಲಿ ನೆಲೆಗೊಂಡಿತು. ಮುಂದೆ ಚೀಟಿಯ ಜಾಗಕ್ಕೆ ಗಣಕಯಂತ್ರ ಬಂತು. ಬಳ್ಳಾರಿ, ರಾಯಚೂರು ಕಡೆಯ ರೈತರೂ ಅಷ್ಟು ದೂರದಿಂದ ಮಾಲು ಹೇರಿಕೊಂಡು ಇಲ್ಲಿಗೆ ಬರುವಂತಾಯಿತು. ಒಂದು ಪೇಟೆಯ ಆಸ್ತಿಯೆಂದರೆ ಗೋದಾಮುಗಳಲ್ಲ, ಈ ನಂಬಿಕೆ.

ಆ ನಂಬಿಕೆ ಎಷ್ಟು ಸೂಕ್ಷ್ಮವೆಂಬುದು 2024ರ ಮಾರ್ಚ್ 11ರ ಸೋಮವಾರ ತಿಳಿಯಿತು. ಧಾರಣೆ ಹಠಾತ್ತಾಗಿ ಕುಸಿಯಿತೆಂದು ರೊಚ್ಚಿಗೆದ್ದ ಗುಂಪು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿತು. ಕಟ್ಟಡಕ್ಕೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿಯನ್ನು ಯಾರೂ ಸಮರ್ಥಿಸಲಾರರು. ಆದರೆ ವರ್ಷವಿಡೀ ಬೆವರು ಸುರಿಸಿದವನ ಕಣ್ಣಿಗೆ ಆ ಹೊತ್ತು ಕಂಡದ್ದೇನು? ಒಂದು ಅಂಕಿ ಮಾತ್ರ. ಅದರ ಹಿಂದೆ ಶೀತಲಗೃಹಗಳ ದಾಸ್ತಾನು, ಬಣ್ಣ ತೆಗೆಯುವ ಕಾರ್ಖಾನೆಗಳ ಬೇಡಿಕೆ, ಬೇರೆ ರಾಜ್ಯದಿಂದ ಬರುವ ಮಾಲು, ಹೀಗೆ ಹತ್ತಾರು ಕಾರಣಗಳು ಇರಬಲ್ಲವು. ಅವು ಯಾವುವೂ ಅವನ ಕಣ್ಣಿಗೆ ಬೀಳುವುದಿಲ್ಲ.

ಬೆಲೆಯನ್ನು ಬಟ್ಟೆಯ ಮರೆಯಿಂದ ಹೊರಗೆ ತರಲು ನಮಗೆ ದಶಕಗಳೇ ಹಿಡಿದವು. ಅದು ಸಣ್ಣ ಸಾಧನೆಯಲ್ಲ. ಆದರೆ ಬೆಲೆ ಕಂಡರೆ ಸಾಲದು, ಅದರ ಕಾರಣವೂ ತಿಳಿಯಬೇಕು. ಅದನ್ನು ಪೇಟೆಯ ಕಟ್ಟೆಯ ಮೇಲೆ, ಮಾಲಿನ ಒಡೆಯನಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವ ಕೆಲಸ ಇನ್ನೂ ಉಳಿದಿದೆ.