ಎದೆಮಟ್ಟದ ಅಳತೆ: ಜಗತ್ತಿನ ಇಂಗಾಲದ ಲೆಕ್ಕದಲ್ಲಿ ನಮ್ಮ ಘಟ್ಟ

ತುಂಗೆಯ ದಡದ ಹರಿಹರಪುರದ ಸುತ್ತಮುತ್ತ ಬೇಸಾಯದ ಕಟ್ಟು ಹಳೆಯದು. ತಗ್ಗಿನಲ್ಲಿ ಗದ್ದೆ, ಅದರಂಚಿಗೆ ಅಡಿಕೆ ತೋಟ, ತೋಟದ ನೆತ್ತಿಗೆ ತೋಟಕ್ಕೆ ಸೊಪ್ಪು, ದರಗು ಒದಗಿಸುವ ಸೊಪ್ಪಿನಬೆಟ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹವಾಮಾನ ವಿಜ್ಞಾನಿಗೆ ಇದೇ ನೋಟ ಒಂದು ಜಮಾ-ಖರ್ಚಿನ ಪುಸ್ತಕ. ನೀರು ನಿಂತ ಗದ್ದೆ ಮೀಥೇನ್ ಬಿಡುತ್ತದೆ, ಅಡಿಕೆ ಬೇಯಿಸುವ ಒಲೆ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಗೊಬ್ಬರಗುಂಡಿಯಿಂದ ನೈಟ್ರಸ್ ಆಕ್ಸೈಡ್ ಹೊರಡುತ್ತದೆ. ಬೆಟ್ಟದ ಮರಗಳು ಇಂಗಾಲವನ್ನು ಹೀರಿ ಕಾಂಡದಲ್ಲಿ ಕೂಡಿಡುತ್ತವೆ. ಬಿಟ್ಟದ್ದೆಷ್ಟು, ಹೀರಿದ್ದೆಷ್ಟು?

ಗಾಳಿಯಲ್ಲಿ ಉಳಿದದ್ದನ್ನು ಅಳೆಯುವ ಕೆಲಸ ಮೊದಲು ಗಟ್ಟಿಯಾಯಿತು. 1958ರ ಮಾರ್ಚ್‌ನಲ್ಲಿ ಚಾರ್ಲ್ಸ್ ಕೀಲಿಂಗ್ ಅವರ ಉಪಕರಣ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳತೆ ಆರಂಭಿಸಿದಾಗ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 313 ಭಾಗವಿತ್ತು. 2024ರ ಹೊತ್ತಿಗೆ ಅದು 420 ದಾಟಿದೆ. ಮನುಷ್ಯ ಹೊರಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಗಾಳಿಯಲ್ಲಿ ಉಳಿಯುತ್ತದೆ. ಮಿಕ್ಕದ್ದನ್ನು ಕಡಲು ಮತ್ತು ನೆಲ ಹಂಚಿಕೊಳ್ಳುತ್ತವೆ. ಆದರೆ ನೆಲದ ಪಾಲು ಯಾವ ದೇಶದ, ಯಾವ ಕಾಡಿನ ಲೆಕ್ಕಕ್ಕೆ ಸೇರಬೇಕು ಎಂಬುದನ್ನು ಮೌನಾ ಲೋವಾದಿಂದ ಹೇಳಲಾಗದು.

ಸ್ಥಳದಲ್ಲಿ ಅಳೆಯದೆ ಲೆಕ್ಕ ಬರೆದರೆ ಏನಾಗುತ್ತದೆ ಎಂಬುದನ್ನು ಭಾರತ 1990ರ ಸುಮಾರಿಗೆ ಕಂಡಿತು. ಇಲ್ಲಿನ ಭತ್ತದ ಗದ್ದೆಗಳು ವರ್ಷಕ್ಕೆ ಸುಮಾರು 3.75 ಕೋಟಿ ಟನ್ ಮೀಥೇನ್ ಬಿಡುತ್ತವೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿತ್ತು. ಯುರೋಪ್, ಅಮೆರಿಕದ ಗದ್ದೆಗಳಲ್ಲಿ ಸಿಕ್ಕ ಅಳತೆಯನ್ನು ಇಲ್ಲಿನ ವಿಸ್ತೀರ್ಣಕ್ಕೆ ಗುಣಿಸಿ ಬಂದ ಮೊತ್ತ ಅದು. 1991ರಲ್ಲಿ ರಾಷ್ಟ್ರೀಯ ಭೌತವಿಜ್ಞಾನ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ದೇಶದ ಹಲವು ಕಡೆ ಗದ್ದೆಗಿಳಿದೇ ಅಳತೆ ನಡೆಯಿತು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಕವುಚಿ, ಒಳಗಿನ ಗಾಳಿಯನ್ನು ಸಿರಿಂಜಿನಿಂದ ಎಳೆದು, ಮೀಥೇನ್ ಎಷ್ಟು ಏರಿತೆಂದು ಪರೀಕ್ಷಿಸುವ ವಿಧಾನವದು. ಬಂದ ಉತ್ತರ ಸುಮಾರು 40 ಲಕ್ಷ ಟನ್, ಅಂದರೆ ಹಿಂದಿನ ಅಂದಾಜಿನ ಹತ್ತರಲ್ಲೊಂದು ಭಾಗದಷ್ಟು. ಕಾರಣ, ಭಾರತದ ಗದ್ದೆಗಳಲ್ಲಿ ಹೆಚ್ಚಿನವು ಇಡೀ ಹಂಗಾಮು ನೀರು ನಿಂತವಲ್ಲ, ಅವುಗಳ ಮಣ್ಣೂ ಬೇರೆ.

ಕಾಡಿನ ಲೆಕ್ಕ ಇನ್ನೂ ಕಷ್ಟದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಎಚ್. ರವೀಂದ್ರನಾಥ್, ಬಿ. ಎಸ್. ಸೋಮಶೇಖರ್, ಮಾಧವ ಗಾಡ್ಗೀಳ್ 1997ರಲ್ಲಿ ಪ್ರಕಟಿಸಿದ ಪ್ರಬಂಧ 1986ನೇ ಇಸವಿಯನ್ನು ಆಧಾರವಾಗಿಟ್ಟುಕೊಂಡಿತು. ಆ ವರ್ಷ ದೇಶದ ಅರಣ್ಯ ವಲಯ 6.4 ಕೋಟಿ ಟನ್ ಇಂಗಾಲ ಬಿಟ್ಟು, 6.9 ಕೋಟಿ ಟನ್ ಹೀರಿತ್ತು ಎಂಬುದು ಅವರ ಲೆಕ್ಕ. ಎರಡೂ ಪಟ್ಟಿ ಬಹುತೇಕ ಸಮ. ರವೀಂದ್ರನಾಥ್ ಮುಂದೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ವರದಿಗಳ ಲೇಖಕರಲ್ಲಿ ಒಬ್ಬರಾದರು. ಮೆಡಲೀನ್ ಓಸ್ಟ್‌ವಾಲ್ಡ್ ಅವರೊಂದಿಗೆ 2008ರಲ್ಲಿ ಇಂಗಾಲ ಎಣಿಕೆಯ ಕೈಪಿಡಿಯನ್ನೇ ಬರೆದರು.

ಈ ದೊಡ್ಡ ಸಂಖ್ಯೆಗಳ ಬುಡದಲ್ಲಿರುವುದು ಒಂದು ಟೇಪು.

ಭಾರತೀಯ ವಿಜ್ಞಾನ ಸಂಸ್ಥೆಯವರು 1984ರಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ತಲಾ ಒಂದು ಹೆಕ್ಟೇರಿನ ತಾಕುಗಳನ್ನು ಗುರುತು ಮಾಡಿ, ಮರಗಳನ್ನು ಮತ್ತೆ ಮತ್ತೆ ಅಳೆದರು. ಡಿ. ಎಂ. ಭಟ್ ಮತ್ತು ಅವರ ಜೊತೆಗಾರರು ಈ ಕೆಲಸದಲ್ಲಿ ತೊಡಗಿದ್ದರು. ಕೊಡಗಿನ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ 1989-90ರಲ್ಲಿ ಇಂಥದೇ ತಾಕು ತೆರೆಯಿತು. ಅಲ್ಲಿ ಕಾಂಡಕ್ಕೆ ಲೋಹದ ಪಟ್ಟಿ ಸುತ್ತಿ, ಎರಡು ವರ್ಷ ತಿಂಗಳು ತಿಂಗಳೂ ಸುತ್ತಳತೆ ದಾಖಲಿಸಿದ್ದೂ ಉಂಟು.

ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ, ಟೇಪು ಸುತ್ತುತ್ತಾರೆ. ಸುತ್ತಳತೆ, ಎತ್ತರ, ಮರದ ಸಾಂದ್ರತೆ ಸೇರಿಸಿ ಒಣತೂಕವನ್ನು ಸೂತ್ರದಿಂದ ಪಡೆಯುತ್ತಾರೆ. ಒಂದು ಮರದ ಒಣತೂಕ 1,000 ಕೆ.ಜಿ. ಬಂತೆನ್ನಿ. ಅದರಲ್ಲಿ ಇಂಗಾಲ ಸುಮಾರು 470 ಕೆ.ಜಿ. ಅದನ್ನು 44/12ರಿಂದ ಗುಣಿಸಿದರೆ ಆ ಮರ ಗಾಳಿಯಿಂದ ತೆಗೆದ ಇಂಗಾಲದ ಡೈಆಕ್ಸೈಡ್ ಸುಮಾರು 1,720 ಕೆ.ಜಿ. ಐದು ವರ್ಷ ಬಿಟ್ಟು ಅದೇ ಮರವನ್ನು ಅದೇ ಎತ್ತರದಲ್ಲಿ ಅಳೆದಾಗ ಸಿಗುವ ವ್ಯತ್ಯಾಸವೇ ಅದರ ಗಳಿಕೆ.

ಇದು ಕೆಳಗಿನಿಂದ ಮೇಲಕ್ಕೆ ಕೂಡುವ ದಾರಿ. ಇನ್ನೊಂದು ದಾರಿ ಮೇಲಿನಿಂದ ಕೆಳಕ್ಕೆ ಬರುವುದು. ಅಡಿಕೆ ಬೇಯಿಸುವ ಹೊಗೆ ಅಂಗಳಕ್ಕೆ ಬಂದರೆ, ಗಾಳಿ ಬೀಸುವ ದಿಕ್ಕು ನೋಡಿ ಅದು ಯಾರ ಮನೆಯ ಒಲೆಯದೆಂದು ಮಲೆನಾಡಿನವರು ಹೇಳುತ್ತಾರೆ. ಗಾಳಿಯಲ್ಲಿನ ಅಳತೆಯಿಂದ ಅನಿಲದ ಮೂಲವನ್ನು ಹುಡುಕುವ ವಿಲೋಮ ಮಾದರಿ ಎಂಬ ಗಣಿತದ ಕೆಲಸವೂ ಅದೇ. ಇದಕ್ಕೆ ಬೇಕಾದ ಅಳತೆಗಾಗಿ ಬೆಂಗಳೂರಿನ ಗಣಿತ ಮಾದರಿಗಳ ಕೇಂದ್ರ ಸಿ-ಮ್ಯಾಕ್ಸ್ ಮತ್ತು ಭಾರತೀಯ ಖಭೌತ ಸಂಸ್ಥೆ ಫ್ರೆಂಚ್ ವಿಜ್ಞಾನಿಗಳ ಜೊತೆಗೂಡಿ ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ, 2005ರಿಂದ ಇಂಗಾಲದ ಡೈಆಕ್ಸೈಡ್ ಅಳೆದವು. ಪುದುಚೇರಿ ಮತ್ತು ಪೋರ್ಟ್ ಬ್ಲೇರ್‌ನ ಗಾಳಿಯ ಮಾದರಿಗಳೂ ಇದಕ್ಕೆ ಸೇರಿದವು.

ಎರಡು ದಾರಿಗಳೂ ಕೂಡುವ ಜಾಗದಲ್ಲಿ ಉತ್ತರ ಇನ್ನೂ ಮಸುಕು. ಪ್ರಬೀರ್ ಪಾತ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ದಕ್ಷಿಣ ಏಷ್ಯಾದ ಲೆಕ್ಕದಲ್ಲಿ ಇಲ್ಲಿನ ನೆಲ, ಕಾಡುಗಳು ವರ್ಷಕ್ಕೆ ಹೀರುವ ಇಂಗಾಲ ಸುಮಾರು 14.7 ಕೋಟಿ ಟನ್. ತಪ್ಪಿನ ಅಂತರ ಅದರ ಎರಡೂ ಬದಿಗೆ 15 ಕೋಟಿ ಟನ್. ಅಳತೆಗಿಂತ ಅನುಮಾನವೇ ದೊಡ್ಡದು! ಜಪಾನಿನ ಗೋಸ್ಯಾಟ್ (2009), ಅಮೆರಿಕದ ಓಸಿಓ-2 (2014) ಉಪಗ್ರಹಗಳು ಬಂದರೂ ಅವಕ್ಕೆ ಮೋಡವಿಲ್ಲದ ಆಕಾಶ ಬೇಕು. ಮಲೆನಾಡಿನ ಹಸಿರು ಚಿಗುರಿ ತುಂಬುವ ಮಳೆಗಾಲದಲ್ಲೇ ಅವುಗಳ ಕಣ್ಣು ಕಟ್ಟಿರುತ್ತದೆ.

ವಿಶ್ವಸಂಸ್ಥೆಗೆ ಭಾರತ ಒಪ್ಪಿಸಿದ ವರದಿಯ ಪ್ರಕಾರ 2016ರಲ್ಲಿ ದೇಶ ಬಿಟ್ಟ ಹಸಿರುಮನೆ ಅನಿಲ, ಇಂಗಾಲದ ಡೈಆಕ್ಸೈಡ್‌ಗೆ ಸಮನಾಗಿ ಹೇಳುವುದಾದರೆ, ಸುಮಾರು 284 ಕೋಟಿ ಟನ್. ನೆಲ ಮತ್ತು ಕಾಡು ಹೀರಿದ್ದು ಸುಮಾರು 31 ಕೋಟಿ ಟನ್. ಈ ಪಟ್ಟಿಯಲ್ಲಿ ಅರಣ್ಯ, ಬೆಳೆಭೂಮಿ, ಹುಲ್ಲುಗಾವಲು ಮುಂತಾದ ಕಾಲಂಗಳಿವೆ, ಸೊಪ್ಪಿನಬೆಟ್ಟಕ್ಕೆ ಪ್ರತ್ಯೇಕ ಕಾಲಂ ಇಲ್ಲ. ಇನ್ನು ಭಾರತೀಯ ಅರಣ್ಯ ಸರ್ವೇಕ್ಷಣೆಯ ವ್ಯಾಖ್ಯೆಯಂತೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ಶೇ 10ರಷ್ಟಾದರೂ ಮರದ ನೆರಳಿರುವ ಯಾವುದೇ ಜಾಗ ಅರಣ್ಯ ಹೊದಿಕೆಯೇ. ಉಪಗ್ರಹದ ಚಿತ್ರದಲ್ಲಿ ಕಾಫಿ ತೋಟ, ಅಡಿಕೆ ತೋಟ, ದಟ್ಟ ಕಾನು ಎಲ್ಲಕ್ಕೂ ಒಂದೇ ಹೆಸರು ಬರಬಹುದು. ಅವುಗಳ ಕಾಂಡದಲ್ಲಿರುವ ಇಂಗಾಲ ಮಾತ್ರ ಒಂದೇ ಅಲ್ಲ. ಸೊಪ್ಪು, ದರಗು ತೋಟಕ್ಕಿಳಿದಾಗ ಬೆಟ್ಟದ ಇಂಗಾಲದ ಒಂದು ಪಾಲು ತೋಟದ ಮಣ್ಣಿಗೆ ಬರುತ್ತದೆ. ಆ ಹರಿವನ್ನು ಆಕಾಶದಿಂದ ನೋಡಲಾಗದು.

ಆದ್ದರಿಂದ ಕೊಪ್ಪ, ಶೃಂಗೇರಿ ಸೀಮೆಯ ಕಾಲೇಜುಗಳಿಗೆ ಒಂದು ಕೋರಿಕೆ. ಬೆಟ್ಟದ ಬಾಧ್ಯಸ್ಥರ ಒಪ್ಪಿಗೆ ಪಡೆದು ಒಂದು ಹೆಕ್ಟೇರ್ ಸೊಪ್ಪಿನಬೆಟ್ಟ ಆರಿಸಿ, ಮರಗಳಿಗೆ ಸಂಖ್ಯೆ ಕೊಟ್ಟು, ಎದೆಮಟ್ಟದಲ್ಲಿ ಗುರುತು ಹಾಕಿ ಅಳೆಯಿರಿ. ಐದು ವರ್ಷಕ್ಕೊಮ್ಮೆ ಅದೇ ಗುರುತಿನಲ್ಲಿ ಮತ್ತೆ ಅಳೆದು, ಆ ಪುಸ್ತಕವನ್ನು ಮುಂದಿನ ತಂಡದ ಕೈಗೆ ಕೊಡಿ.